ವಾರ್ಡಿನಲ್ಲಿ ಯಾರೂ ಇಲ್ಲದ ರೋಗಿಗೆ ಒಳ್ಳೆಯ ಆರೈಕೆ ಕೊಡಿಸುವುದು: ಊರಲ್ಲಿರುವವರಿಗೂ ಹೊರದೇಶದಲ್ಲಿರುವವರಿಗೂ

ನಮ್ಮ ಕಡೆಯ ಆಸ್ಪತ್ರೆಗಳು ನಡೆಯುವುದೇ ರೋಗಿಯ ಜೊತೆ ಮನೆಯವರೊಬ್ಬರು ಇದ್ದೇ ಇರುತ್ತಾರೆ ಎಂಬ ಲೆಕ್ಕದ ಮೇಲೆ. ಚೀಟಿ ಹಿಡಿದು ಔಷಧಿ ತರುವುದು, ರಕ್ತದ ಸ್ಯಾಂಪಲ್ಲನ್ನು ಲ್ಯಾಬಿಗೆ ಮುಟ್ಟಿಸುವುದು, ಎಕ್ಸ್‌ರೇಗೆ ಸ್ಟ್ರೆಚರ್ ತಳ್ಳಲು ಕೈಕೊಡುವುದು, ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು, ಡ್ರಿಪ್ ಮುಗಿದಾಗ ಸಿಸ್ಟರನ್ನು ಕರೆಯುವುದು, ಎಲ್ಲವೂ ಆ ಒಬ್ಬರ ಪಾಲಿನ ಕೆಲಸ. ಆ ಒಬ್ಬರೇ ಇಲ್ಲದ ಹಾಸಿಗೆಯಲ್ಲಿ ರೋಗಿ ದಿನದಿಂದ ದಿನಕ್ಕೆ ಸೊರಗುತ್ತಾರೆ. ಬೇಕೆಂದು ಯಾರೂ ಕಡೆಗಣಿಸಿರುವುದಿಲ್ಲ. ಆದರೂ ಪರಿಣಾಮ ಅದೇ.

ಹಾಗಾಗಿ ಸ್ವಯಂಸೇವಕರ ಕೆಲಸ ಜಗಳದಿಂದ ಶುರುವಾಗಬಾರದು. ಮೊದಲು ಆ ಖಾಲಿ ಜಾಗ ತುಂಬಬೇಕು, ನೋಡಿದ್ದನ್ನು ಅಳತೆ, ಗಂಟೆ, ತಾರೀಖಿನ ಸಮೇತ ಬರೆದಿಡಬೇಕು, ಆಮೇಲೆ ಅದನ್ನು ಸರಿಪಡಿಸಬಲ್ಲವರನ್ನೇ ಕೇಳಬೇಕು. "ಸರಿಯಾಗಿ ನೋಡ್ತಿಲ್ಲ" ಎಂದರೆ ಯಾರೂ ಏನೂ ಮಾಡಲಾರರು. "ಬೆನ್ನ ಕೆಳಗೆ 4 ಸೆಂಟಿಮೀಟರ್ ಹುಣ್ಣಿದೆ, ಸೋಮವಾರದಿಂದ ಡ್ರೆಸ್ಸಿಂಗ್ ಆದದ್ದು ಬರೆದಿಲ್ಲ" ಎಂದರೆ ಯಾರಾದರೂ ಎದ್ದು ಬಂದು ನೋಡಲೇಬೇಕಾಗುತ್ತದೆ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಬಾಪೂಜಿಯಾಗಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾಗಲಿ, ಯಾವ ದೊಡ್ಡ ಆಸ್ಪತ್ರೆಗೂ ಈ ದಾರಿ ಒಂದೇ.

ಮೊದಲ ದಿನ ನೋಡುವುದಷ್ಟೇ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊದಲ ಪುಟದಲ್ಲಿ ವಾರ್ಡ್, ಹಾಸಿಗೆ ಸಂಖ್ಯೆ, ಐಪಿ ನಂಬರ್ (ಒಳರೋಗಿಗೆ ಆಸ್ಪತ್ರೆ ಕೊಡುವ ಸಂಖ್ಯೆ), ದಾಖಲಾದ ದಿನ, ಯಾವ ಡಾಕ್ಟರ ಯೂನಿಟ್ ಎಂಬುದನ್ನು ಬರೆದುಕೊಳ್ಳಿ. ಐಪಿ ನಂಬರ್ ಇಲ್ಲದೆ ಲ್ಯಾಬಿನಲ್ಲಾಗಲಿ ಕಚೇರಿಯಲ್ಲಾಗಲಿ ಮಾತು ಮುಂದೆ ಹೋಗುವುದಿಲ್ಲ.

ರೋಗಿಗೆ ಮಾತಾಡುವ ಶಕ್ತಿಯಿದ್ದರೆ ಮೊದಲು ಅವರನ್ನೇ ಕೇಳಿ. "ಅಜ್ಜಾ, ನಾವು ದಿನಾ ಬಂದು ನಿಮ್ಮನ್ನ ನೋಡ್ಕಂಡು ಹೋಗ್ತೀವಿ, ಆಗಬಹುದಾ?" ಅವರು ಬೇಡ ಎಂದರೆ ಬೇಡ. ಹೆಂಗಸರ ಮೈ ಒರೆಸುವುದು, ಬಟ್ಟೆ ಬದಲಿಸುವುದು ಹೆಂಗಸರೇ ಮಾಡಬೇಕು. ಕನ್ನಡಕ, ಹಲ್ಲಿನ ಸೆಟ್, ಕಿವಿಯ ಯಂತ್ರ ಇದ್ದವೇ, ಈಗ ಎಲ್ಲಿವೆ ಎಂದು ವಿಚಾರಿಸಿ. ವಯಸ್ಸಾದವರು ಆಸ್ಪತ್ರೆಯಲ್ಲಿ ಹಗಲು ರಾತ್ರಿ ತಿಳಿಯದೆ ಬಡಬಡಿಸಲು ಕಣ್ಣು ಕಾಣದಿರುವುದು, ಕಿವಿ ಕೇಳದಿರುವುದು, ಬಾಯಾರಿಕೆ, ಮೂತ್ರ ಕಟ್ಟಿಕೊಳ್ಳುವುದು, ಸೋಂಕು, ಇವೇ ಬಹಳ ಸಲ ಕಾರಣ. ಅದನ್ನು ಹುಚ್ಚು ಎಂದುಕೊಂಡು ಕೈ ಕಟ್ಟಿಹಾಕಿದ್ದರೆ, ಯಾರು ಹೇಳಿದ್ದು, ಯಾವಾಗ ಬಿಚ್ಚುತ್ತೀರಿ ಎಂದು ವಿಚಾರಿಸಿ. ಬೆರಳು ನೀಲಿಯಾಗಿದೆಯೇ, ಊದಿದೆಯೇ ನೋಡಿ.

ನಿಮ್ಮ ರಕ್ಷಣೆಯನ್ನೂ ಮರೆಯಬೇಡಿ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಸೋಪಿನಲ್ಲಿ 40ರಿಂದ 60 ಸೆಕೆಂಡ್ ಕೈ ತೊಳೆಯಬೇಕು. ಕೆಮ್ಮಿರುವ ರೋಗಿಗೆ ಕಫ ಪರೀಕ್ಷೆ ಆಗಿದೆಯೇ ಕೇಳಿ, ಗೊತ್ತಾಗುವವರೆಗೆ ಎನ್95 ಮಾಸ್ಕ್ ಹಾಕಿ. ವಾರ್ಡಿಗೆ ನಿತ್ಯ ಹೋಗುವವರು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡಿರಬೇಕು: ಮೊದಲನೆಯದು, 1 ತಿಂಗಳಿಗೆ ಇನ್ನೊಂದು, 6 ತಿಂಗಳಿಗೆ ಮತ್ತೊಂದು.

ಯಾರನ್ನು, ಯಾವಾಗ ಕೇಳಬೇಕು

ಔಷಧಿ ಕೊಟ್ಟರೇ, ಡ್ರೆಸ್ಸಿಂಗ್ ಆಯಿತೇ ಎಂಬುದು ಸಿಸ್ಟರ್ ಕೆಲಸ. ಯಾವ ಪರೀಕ್ಷೆ, ಯಾವ ಔಷಧಿ ಎಂಬುದು ಡಾಕ್ಟರದು. ಬೆಡ್‌ಶೀಟ್, ಸ್ವಚ್ಛತೆ, ಏರ್ ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿವೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಕೌಂಟರಿನ ಮುಂದೆ ನಿಲ್ಲಬೇಡಿ. ಆಗ ಹೇಳಿದ್ದು ಹೋಗುವವರ ಕಿವಿಗೂ ಬೀಳದು, ಬರುವವರ ಕಿವಿಗೂ ಬೀಳದು. ಬೆಳಗಿನ ರೌಂಡ್ಸಿನಲ್ಲಿ ಯೂನಿಟ್ ಮುಖ್ಯಸ್ಥರು ಹಾಸಿಗೆ ಹತ್ತಿರ ಬಂದಾಗ ಅಲ್ಲೇ ಇರಿ. ಬಂಧುಗಳು ನಿಂತಿರುವ ಹಾಸಿಗೆಯ ಮುಂದೆ ಅವರು ಒಂದು ನಿಮಿಷ ಹೆಚ್ಚು ನಿಲ್ಲುತ್ತಾರೆ, ಆ ಒಂದು ನಿಮಿಷವೇ ಈ ರೋಗಿಗೆ ಇಷ್ಟು ದಿನ ಸಿಕ್ಕಿರುವುದಿಲ್ಲ.

ಕೇಳುವಾಗ ಕೈಜೋಡಿಸುವ ಮಾತೂ ಅದರ ಜೊತೆಗಿರಲಿ. "ಸಿಸ್ಟರ್, ಅಜ್ಜಂಗೆ ಇವತ್ತು ಡ್ರೆಸ್ಸಿಂಗ್ ಎಷ್ಟೊತ್ತಿಗೆ ಮಾಡ್ತೀರಿ? ನಾನು ಮಗ್ಗುಲಿಗೆ ತಿರುಗಿಸಿ ಹಿಡ್ಕಂತೀನಿ." ರಾತ್ರಿ ಪಾಳಿಯಲ್ಲಿ ಒಬ್ಬರೇ ವಾರ್ಡ್ ನೋಡುತ್ತಿರುವ ಸಿಸ್ಟರಿಗೆ ಇದು ದೊಡ್ಡ ಆಸರೆ. ಡಾಕ್ಟರಿಗೆ ದಿನಕ್ಕೆ ಮೂರು ಪ್ರಶ್ನೆ ಸಾಕು: ಈಗಿನ ಮುಖ್ಯ ತೊಂದರೆ ಏನು, ಇವತ್ತು ಏನು ಬಾಕಿಯಿದೆ, ಯಾವುದು ಕಂಡರೆ ತಕ್ಷಣ ಹೇಳಬೇಕು. ಉತ್ತರವನ್ನು ಅವರ ಎದುರಿಗೇ ಬರೆದುಕೊಳ್ಳಿ.

ಹಾಸಿಗೆ ಹುಣ್ಣು

ಯಾರೂ ಇಲ್ಲದ ರೋಗಿಯನ್ನು ಹೆಚ್ಚು ಕಾಡುವುದು ಇದೇ. ಮೂಲ ಕಾಯಿಲೆ ವಾಸಿಯಾಗುತ್ತಿದ್ದರೂ ಈ ಹುಣ್ಣಿನ ಸೋಂಕು ರಕ್ತಕ್ಕೇರಿ ಜೀವ ಹೋಗಬಹುದು.

ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ಬೆನ್ನ ಕೆಳಗಿನ ಮೂಳೆ, ಸೊಂಟದ ಎರಡೂ ಬದಿ, ಹಿಮ್ಮಡಿ, ಭುಜದ ಹಿಂದೆ, ತಲೆಯ ಹಿಂಭಾಗ ನೋಡಿ. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಣ್ಣ ಹೋಗಿ ಮತ್ತೆ ಬಂದರೆ ಇನ್ನೂ ಹಾನಿಯಾಗಿಲ್ಲ. ಒತ್ತಿದರೂ ಬಣ್ಣ ಹೋಗದಿದ್ದರೆ ಹುಣ್ಣಿನ ಮೊದಲ ಹಂತ ಶುರುವಾಗಿದೆ. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ. ಸುತ್ತಲಿಗಿಂತ ಕಡುಗಪ್ಪಾಗಿರುವುದು, ಬಿಸಿಯಾಗಿರುವುದು, ಮುಟ್ಟಿದರೆ ಗಟ್ಟಿ ಅಥವಾ ಮೆತ್ತಗೆನಿಸುವುದು, ಈ ಗುರುತುಗಳನ್ನು ಹಿಡಿಯಿರಿ. ಹುಣ್ಣು ಬಾಯಿಬಿಟ್ಟಿದ್ದರೆ ಉದ್ದ, ಅಗಲವನ್ನು ಕಾಗದದ ಅಳತೆಪಟ್ಟಿ ಹಿಡಿದು ಬರೆದುಕೊಳ್ಳಿ, ಒಳಗೆ ಬೆರಳು ಹಾಕಬೇಡಿ.

ಮಗ್ಗುಲು ಬದಲಿಸುವುದು 2 ಗಂಟೆಗೊಮ್ಮೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ ಬಿದ್ದು ಅಲ್ಲಿ ಹೊಸ ಹುಣ್ಣಾಗುತ್ತದೆ. ಬೆನ್ನಿಗೆ ಮಡಿಚಿದ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬಾರದು. ಚರ್ಮ ಬಟ್ಟೆಗೆ ಅಂಟಿಕೊಂಡು, ಒಳಗಿನ ಮಾಂಸ ಮಾತ್ರ ಜರುಗಿ ರಕ್ತನಾಳ ಹರಿಯುತ್ತವೆ. ಕೆಳಗೆ ಅಡ್ಡ ಹಾಸಿದ ಬೆಡ್‌ಶೀಟನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು. ಮಂಚದ ತಲೆಭಾಗವನ್ನು ಊಟದ ಹೊತ್ತು ಬಿಟ್ಟರೆ 30 ಡಿಗ್ರಿಗಿಂತ ಎತ್ತರಿಸಬೇಡಿ, ರೋಗಿ ಜಾರಿ ಅದೇ ತೊಂದರೆಯಾಗುತ್ತದೆ.

ಏರ್ ಬೆಡ್ ತಂದುಕೊಟ್ಟೆವು, ಇನ್ನು ಚಿಂತೆಯಿಲ್ಲ ಎಂದುಕೊಳ್ಳುವವರೇ ಹೆಚ್ಚು. ಅದರ ಪಂಪು ಹಗಲು ರಾತ್ರಿ ಓಡುತ್ತಿರಬೇಕು. ಪಕ್ಕದವರು ಮೊಬೈಲ್ ಚಾರ್ಜಿಗೆಂದು ಪ್ಲಗ್ ಕಿತ್ತರೆ ಸ್ವಲ್ಪ ಹೊತ್ತಿಗೆ ಗಾಳಿಯಿಳಿದು ರೋಗಿ ಕಬ್ಬಿಣದ ಮಂಚದ ಮೇಲೆ ಮಲಗಿದಂತೆಯೇ. ಪ್ಲಗ್ಗಿನ ಮೇಲೆ "ತೆಗೆಯಬೇಡಿ" ಎಂದು ಚೀಟಿ ಅಂಟಿಸಿ. ಸೊಂಟದ ನೇರಕ್ಕೆ ಏರ್ ಬೆಡ್ಡಿನ ಅಡಿಗೆ ಅಂಗೈ ಮೇಲ್ಮುಖವಾಗಿ ತೂರಿಸಿ ನೋಡಿ. ಮೂಳೆ ಕೈಗೆ ತಾಕಿದರೆ ಗಾಳಿ ಸಾಲದು. ನಡುವೆ ಒಂದು ಇಂಚಾದರೂ ಗಾಳಿ ಇರಬೇಕು. ಮೇಲೆ ಒಂದೇ ಬೆಡ್‌ಶೀಟ್, ಅದೂ ಸಡಿಲವಾಗಿ. ಕಂಬಳಿ, ರಬ್ಬರ್ ಶೀಟ್, ಎರಡು ಪದರ ಹಾಸಿದರೆ ಏರ್ ಬೆಡ್ ಹಾಕಿದ್ದೇ ದಂಡ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪಬಾರದು.

ಕೆಂಪಾದ ಜಾಗ ತಿಕ್ಕಬೇಡಿ. ಟ್ಯೂಬಿನಂಥ ರಿಂಗು ಇಟ್ಟು ಮಲಗಿಸಬೇಡಿ, ಅಂಚಿನ ಒತ್ತಡದಿಂದ ನಡುವೆ ರಕ್ತ ಓಡುವುದು ಇನ್ನೂ ನಿಲ್ಲುತ್ತದೆ. ಅರಿಶಿನ, ಪೌಡರ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಹುಣ್ಣಿನ ಮೇಲೆ ಕಪ್ಪು ಪದರ ಕಟ್ಟಿದ್ದರೆ, ವಾಸನೆ ಬಂದರೆ, ಜ್ವರ ಇದ್ದರೆ ಅದೇ ದಿನ "ಸರ್ಜರಿ ವಿಭಾಗದವರಿಗೆ ತೋರಿಸಿ" ಎಂದು ಡಾಕ್ಟರನ್ನು ಕೇಳಿ. ಸತ್ತ ಮಾಂಸ ತೆಗೆಯದೆ ಮೇಲಿಂದ ಎಷ್ಟು ಡ್ರೆಸ್ಸಿಂಗ್ ಮಾಡಿದರೂ ಹುಣ್ಣು ಮಾಯುವುದಿಲ್ಲ.

ಊಟ

ಊಟದ ತಟ್ಟೆ ಹಾಸಿಗೆ ಪಕ್ಕ ಬರುತ್ತದೆ, ಎದ್ದು ತಿನ್ನಲಾಗದವರ ಪಕ್ಕ ಹಾಗೇ ತಣ್ಣಗಾಗಿ ವಾಪಸ್ ಹೋಗುತ್ತದೆ. ದಿನಕ್ಕೆ ಎರಡು ಹೊತ್ತು ಒಬ್ಬರು ಕೂತು ತಿನ್ನಿಸುವ ಪಾಳಿ ಮಾಡಿಕೊಂಡರೆ ಅರ್ಧ ಕೆಲಸ ಆದಂತೆ.

ಆದರೆ ಇಲ್ಲೇ ಪ್ರೀತಿಯಿಂದ ಅಪಾಯ ಮಾಡುವ ಸಂಭವವೂ ಹೆಚ್ಚು. 5 ದಿನಕ್ಕಿಂತ ಹೆಚ್ಚು ಕಾಲ ಸರಿಯಾಗಿ ಏನೂ ತಿನ್ನದವರಿಗೆ, ಅದರಲ್ಲೂ ಕುಡಿತದ ಚಟ ಇದ್ದವರಿಗೆ, ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ಥಟ್ಟನೆ ಕುಸಿದು ಹೃದಯಕ್ಕೇ ಪೆಟ್ಟಾಗಬಹುದು. ಎಷ್ಟು ದಿನದಿಂದ ಉಂಡಿಲ್ಲ ಎಂಬುದನ್ನು ಮೊದಲು ಡಾಕ್ಟರಿಗೆ ತಿಳಿಸಿ. ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಮೊದಲ 2 ದಿನ ಬೇಕಾದುದರ ಅರ್ಧಕ್ಕಿಂತ ಮೀರದಂತೆ ಶುರುಮಾಡಿ, ರಕ್ತಪರೀಕ್ಷೆ ನೋಡುತ್ತ ಏರಿಸುತ್ತಾರೆ.

ಆಮೇಲಿನ ಲೆಕ್ಕ ಹೀಗೆ. ಹುಣ್ಣಿರುವ ರೋಗಿಗೆ ದಿನಕ್ಕೆ ಕಿಲೋ ತೂಕಕ್ಕೆ 30ರಿಂದ 35 ಕ್ಯಾಲರಿ, 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋದವರಿಗೆ ಕನಿಷ್ಠ 1500 ಕ್ಯಾಲರಿ, ಸುಮಾರು 65 ಗ್ರಾಂ ಪ್ರೋಟೀನ್. ಎರಡು ಮೊಟ್ಟೆಗೆ 12 ಗ್ರಾಂ, ಅರ್ಧ ಲೀಟರ್ ಹಾಲಿಗೆ 16, 50 ಗ್ರಾಂ ತೊಗರಿಬೇಳೆಯ ಕಟ್ಟಿಗೆ 11, ಒಂದು ಹಿಡಿ ಹುರಿಗಡಲೆ ಪುಡಿಗೆ 6, ಉಳಿದದ್ದು ಅನ್ನ, ಮುದ್ದೆ, ಇಡ್ಲಿಯಿಂದ ಬರುತ್ತದೆ. ಬರೀ ಎಳನೀರು, ಬ್ರೆಡ್ಡು, ಹಣ್ಣಿನ ರಸ ತಂದುಕೊಟ್ಟರೆ ಹುಣ್ಣು ಮಾಯುವುದಿಲ್ಲ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ಡಾಕ್ಟರನ್ನೇ ಕೇಳಿ.

ಲಕ್ವ ಹೊಡೆದವರಿಗೆ ನುಂಗುವ ಪರೀಕ್ಷೆ ಆಗದೆ ಬಾಯಿಗೆ ಏನೂ ಹಾಕಬೇಡಿ. ಮಂಪರಿನಲ್ಲಿರುವವರಿಗೂ ಅಷ್ಟೇ. ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಅರ್ಧ ಚಮಚ ಕೊಟ್ಟು ನುಂಗಿದ್ದು ಕಂಡ ಮೇಲೆ ಮುಂದಿನದು. ಕೆಮ್ಮು ಬಂದರೆ, ದನಿ ಗಂಟಲಲ್ಲಿ ನೀರು ತುಂಬಿದಂತೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನುಂಗಲು ಕಷ್ಟಪಡುವವರಿಗೆ ಗಂಜಿಗಿಂತ ನೀರೇ ಹೆಚ್ಚು ಅಪಾಯ. ತೆಳ್ಳಗಿರುವುದು ಬೇಗ ಶ್ವಾಸಕೋಶಕ್ಕಿಳಿಯುತ್ತದೆ.

ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವುದಾದರೆ ಟ್ಯೂಬ್ ಜಾಗದಲ್ಲಿದೆಯೇ ಎಂದು ಸಿಸ್ಟರ್ ನೋಡಿದ ಮೇಲೆಯೇ ಶುರು. ಒಂದು ಸಲಕ್ಕೆ 200 ಮಿಲಿಲೀಟರ್ ಆಸುಪಾಸು, ಡಾಕ್ಟರ್ ಬರೆದಷ್ಟು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಮುಂಚೆ, ಆಮೇಲೆ 30 ಮಿಲಿಲೀಟರ್ ನೀರು. ಕೊಟ್ಟಾದ ಮೇಲೆ ಒಂದು ಗಂಟೆ ತಲೆಭಾಗ ಎತ್ತರದಲ್ಲೇ ಇರಬೇಕು.

ಮೂತ್ರದ ನಳಿಕೆ, ಸೂಜಿ

ಮೂತ್ರದ ಚೀಲ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ನೆಲ ಮುಟ್ಟಬಾರದು. ಸ್ಟ್ರೆಚರಿನಲ್ಲಿ ಒಯ್ಯುವಾಗ ಚೀಲವನ್ನು ರೋಗಿಯ ಹೊಟ್ಟೆ ಮೇಲಿಡುವುದು ಎಲ್ಲ ಕಡೆಯೂ ಕಾಣುವ ತಪ್ಪು, ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. 50 ಕಿಲೋದವರಿಗೆ 24 ಗಂಟೆಯಲ್ಲಿ ಕನಿಷ್ಠ 600 ಮಿಲಿಲೀಟರ್ ಮೂತ್ರ ಬರಬೇಕು. ಕಡಿಮೆಯಿದ್ದರೆ ನಳಿಕೆ ಮಡಿಚಿಕೊಂಡಿದೆಯೇ ನೋಡಿ, ಇಲ್ಲದಿದ್ದರೆ ತಕ್ಷಣ ಹೇಳಿ. "ನಳಿಕೆ ಇನ್ನೂ ಬೇಕಾ ಸರ್?" ಎಂದು ರೌಂಡ್ಸಿನಲ್ಲಿ ದಿನವೂ ಕೇಳುವುದು ಒಳ್ಳೆಯದು. ಯಾರೂ ಕೇಳದ ರೋಗಿಗೆ ಅದು ವಾರಗಟ್ಟಲೆ ಹಾಗೇ ಉಳಿದುಬಿಡುತ್ತದೆ. ಕೈಯ ಡ್ರಿಪ್ ಸೂಜಿಯ ಸುತ್ತ ಕೆಂಪು, ಬಾವು, ನೋವಿದ್ದರೆ ತೆಗೆಸಿ.

ಸಹಿ, ಕಾಗದ, ದುಡ್ಡು

ಬಂಧು ಎಂದು ಹೇಳಿ ಆಪರೇಷನ್ ಒಪ್ಪಿಗೆಗೆ ಸಹಿ ಹಾಕಬೇಡಿ, ಎಷ್ಟೇ ಒತ್ತಾಯ ಬಂದರೂ. ಪ್ರಜ್ಞೆಯಿರುವ ರೋಗಿಯ ಒಪ್ಪಿಗೆ ಅವರದೇ. ಪ್ರಜ್ಞೆಯಿಲ್ಲದ, ಯಾರೂ ಇಲ್ಲದ ರೋಗಿಯ ಜೀವ ಉಳಿಸುವ ತುರ್ತು ಚಿಕಿತ್ಸೆಗೆ ಡಾಕ್ಟರುಗಳು ಒಪ್ಪಿಗೆಗೆ ಕಾಯಬೇಕಿಲ್ಲ. ನೀವು "ಜೊತೆಗಿರುವ ಸ್ವಯಂಸೇವಕರು" ಎಂದೇ ಬರೆಸಿ.

ದಾಖಲೆ ಪಡೆಯಲು ರೋಗಿಯಿಂದ ಒಂದು ಅಧಿಕಾರಪತ್ರ ಬೇಕು: ಇವರು ನನ್ನ ಪರವಾಗಿ ಡಾಕ್ಟರ ಜೊತೆ ಮಾತಾಡಬಹುದು, ದಾಖಲೆಯ ಪ್ರತಿ ಪಡೆಯಬಹುದು ಎಂದು ಎರಡು ಸಾಲು, ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ ಒಳರೋಗಿಯಾಗಿರುವಾಗ ಆದಷ್ಟು 24 ಗಂಟೆಯೊಳಗೆ, ಡಿಸ್ಚಾರ್ಜ್ ಆದ ಮೇಲೆ 72 ಗಂಟೆಯೊಳಗೆ ಪ್ರತಿ ಕೊಡಬೇಕು.

ದುಡ್ಡಿನ ವಿಷಯಕ್ಕೆ ಮೊದಲು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗಳ ನೆರವು ಕೊಡಿಸುವ ಆರೋಗ್ಯಮಿತ್ರರ ಟೇಬಲ್ಲಿಗೆ ಹೋಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಪಟ್ಟಿಯ ಚಿಕಿತ್ಸೆಗಳಿಗೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಬಡ ರೋಗಿಗೆ ಹೊರಗಿನ ಔಷಧಿ, ಸಾಮಾನು ಕೊಡಿಸಲು ಕೇಳಬಹುದು. ಆಯಾಗಳ ಕೈಗೆ ನೋಟು ತುರುಕುವ ಪದ್ಧತಿ ಶುರುಮಾಡಬೇಡಿ, ನೀವು ಇಲ್ಲದ ದಿನ ರೋಗಿಯ ಗತಿ ಮೊದಲಿಗಿಂತ ಕೆಡುತ್ತದೆ.

ಮಾತು ನಡೆಯದಿದ್ದಾಗ

ಮಾತಿನಲ್ಲಿ ಕೇಳಿಯೂ ಎರಡು ದಿನದಲ್ಲಿ ಏನೂ ಆಗದಿದ್ದರೆ ಬರವಣಿಗೆಗೆ ಇಳಿಯಿರಿ. ಮೊದಲು ಇನ್‌ಚಾರ್ಜ್ ಸಿಸ್ಟರ್, ಆಮೇಲೆ ಯೂನಿಟ್ ಮುಖ್ಯಸ್ಥರು, ನಿವಾಸಿ ವೈದ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕರು. ಮೆಟ್ಟಿಲು ಹಾರಿ ಸೀದಾ ಜಿಲ್ಲಾಧಿಕಾರಿಗೆ ದೂರು ಕೊಟ್ಟರೆ ಕಡತ ಸುತ್ತಿ ಕೆಳಗಿಳಿಯುವಷ್ಟರಲ್ಲಿ ವಾರ ಕಳೆಯುತ್ತದೆ. ಪತ್ರ ಇಷ್ಟಿದ್ದರೆ ಸಾಕು:

"ಪುರುಷರ ಮೆಡಿಕಲ್ ವಾರ್ಡ್, ಹಾಸಿಗೆ ಸಂಖ್ಯೆ ಇಂಥದ್ದು, ಐಪಿ ಸಂಖ್ಯೆ ಇಂಥದ್ದು. ರೋಗಿಗೆ ಬಂಧುಗಳಿಲ್ಲ. ಬೆನ್ನ ಕೆಳಭಾಗದಲ್ಲಿ 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಹುಣ್ಣಿದೆ. ಇಂಥ ದಿನಾಂಕದಿಂದ ಡ್ರೆಸ್ಸಿಂಗ್ ಆಗಿಲ್ಲ. ಸರ್ಜರಿ ವಿಭಾಗದ ತಪಾಸಣೆ, ದಿನನಿತ್ಯ ಡ್ರೆಸ್ಸಿಂಗ್, ಏರ್ ಬೆಡ್ ಒದಗಿಸಬೇಕೆಂದು ಕೋರಿಕೆ. ಮಗ್ಗುಲು ಬದಲಿಸಲು, ಊಟ ಮಾಡಿಸಲು ನಾವು ದಿನವೂ ಬರುತ್ತೇವೆ."

ಯಾರ ಹೆಸರನ್ನೂ ದೂರಬೇಡಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟಿದ್ದಕ್ಕೆ ಗುರುತೇ ಇರುವುದಿಲ್ಲ.

ಅಲ್ಲಿಗೂ ಬಗೆಹರಿಯದಿದ್ದರೆ ಆರೋಗ್ಯ ಸಹಾಯವಾಣಿ 104, ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನ 1902ಕ್ಕೆ ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರವಿದೆ. ನಮ್ಮ ಅಭಿಪ್ರಾಯದಲ್ಲಿ ಜನ ಕಡಿಮೆ ಬಳಸುವ, ಆದರೆ ತೂಕವಿರುವ ಬಾಗಿಲೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದರ ಸದಸ್ಯ ಕಾರ್ಯದರ್ಶಿ ನ್ಯಾಯಾಧೀಶರು. ಅರ್ಜಿಗೆ ಖರ್ಚಿಲ್ಲ, ಫೋನ್ 15100. ಮಕ್ಕಳು ಬಿಟ್ಟುಹೋದ ಹಿರಿಯರಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಜೊತೆಗೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅವರ ಪರವಾಗಿ ಅರ್ಜಿ ಹಾಕಬಹುದು. ಹಿರಿಯರನ್ನು ಹೀಗೆ ಬಿಟ್ಟುಹೋಗುವುದು ಆ ಕಾಯ್ದೆಯಲ್ಲಿ 3 ತಿಂಗಳವರೆಗೆ ಜೈಲು ಇರುವ ಅಪರಾಧ.

ರೋಗಿಯ ಮುಖದ, ಹುಣ್ಣಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದು ಮಾತ್ರ ಖಂಡಿತ ಬೇಡ. ಮರುದಿನದಿಂದ ವಾರ್ಡಿಗೆ ಬಿಡುವುದಿಲ್ಲ, ಆ ರೋಗಿಯ ಮರ್ಯಾದೆಯೂ ಹೋಗುತ್ತದೆ.

ಬೇರೆ ಆಸ್ಪತ್ರೆಗೆ ಒಯ್ಯುವುದಾದರೆ

ಅಲ್ಲಿ ಬೆಡ್ ಇದೆ ಎಂದು ಇಲ್ಲಿನ ಡಾಕ್ಟರೇ ಅಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಹೊರಡಬೇಕು. ರೆಫರಲ್ ಪತ್ರ, ಕೇಸ್ ಸಾರಾಂಶ, ಸ್ಕ್ಯಾನ್ ಫಿಲ್ಮುಗಳು, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. "ಸ್ವಂತ ಜವಾಬ್ದಾರಿಯ ಮೇಲೆ ಕರೆದೊಯ್ಯುತ್ತೇವೆ" ಎಂದು ಬರೆದುಕೊಟ್ಟು ಹೊರಟರೆ ರೆಫರಲ್ ಕೈತಪ್ಪಿ ಯೋಜನೆಯ ಸೌಲಭ್ಯಕ್ಕೂ ತೊಡಕಾಗುತ್ತದೆ.

ಆಕ್ಸಿಜನ್ ಬೇಕಾದವರಿದ್ದರೆ ಲೆಕ್ಕ ಹಾಕಿ. ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ 300 ನಿಮಿಷ, ಅಂದರೆ 5 ಗಂಟೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ದಾರಿ ಸುಸೂತ್ರವಾಗಿದ್ದರೂ ನಾಲ್ಕೂವರೆ ಐದು ಗಂಟೆ. ಅರ್ಧ ತುಂಬಿದ ಸಿಲಿಂಡರ್ ಹಿರಿಯೂರು ದಾಟಿ ಶಿರಾ ಹತ್ತಿರ ಮುಗಿದುಹೋಗುತ್ತದೆ. ಗೇಜಿನ ಮುಳ್ಳನ್ನು ನೀವೇ ನೋಡಿ, ಇನ್ನೊಂದು ತುಂಬಿದ ಸಿಲಿಂಡರ್ ಇಲ್ಲದೆ ಹೊರಡಬೇಡಿ.

ಹೊರದೇಶದಲ್ಲಿ ಕೂತು ನೆರವಾಗುವವರು

ದುಬೈಯಿಂದಲೋ ಅಮೆರಿಕದಿಂದಲೋ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರೆ ಅವರು ವಿವರ ಹೇಳುವುದಿಲ್ಲ, ಹೇಳಲೂಬಾರದು. ಗುರುತಿಲ್ಲದವರಿಗೆ ರೋಗಿಯ ವಿಷಯ ತಿಳಿಸುವಂತಿಲ್ಲ. ಊರಿನಲ್ಲಿ ಅಧಿಕಾರಪತ್ರ ಇರುವ ಒಬ್ಬರು ಬೇಕೇ ಬೇಕು, ಎಲ್ಲ ಮಾತೂ ಅವರ ಮೂಲಕವೇ ಹೋಗಬೇಕು. ನಾಲ್ಕು ದೇಶದಿಂದ ನಾಲ್ವರು ಬೇರೆ ಬೇರೆಯಾಗಿ ವಿಚಾರಿಸಿದರೆ ವಾರ್ಡಿನವರಿಗೆ ಬೇಸರ ಬಂದು, ಆ ಕಷ್ಟ ರೋಗಿಗೇ ತಟ್ಟುತ್ತದೆ.

ಇಲ್ಲಿ ಬೆಳಿಗ್ಗೆ 10 ಗಂಟೆಯಾದಾಗ ದುಬೈಯಲ್ಲಿ 8:30, ನ್ಯೂಜೆರ್ಸಿಯಲ್ಲಿ ಕಾಲಮಾನಕ್ಕೆ ತಕ್ಕಂತೆ ಹಿಂದಿನ ರಾತ್ರಿ 11:30 ಅಥವಾ ನಡುರಾತ್ರಿ 12:30. ರೌಂಡ್ಸಿಗೆ ಮುಂಚೆ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಕಳಿಸಿ, ಉತ್ತರಕ್ಕೆ ಸಂಜೆವರೆಗೆ ಕಾಯಿರಿ. ಪರಿಚಯದ ಡಾಕ್ಟರಿಗೆ ರಿಪೋರ್ಟ್ ತೋರಿಸುವುದಾದರೆ ರೋಗಿಯ ಒಪ್ಪಿಗೆ ಪಡೆದು, ಹೆಸರು ಮುಚ್ಚಿ ಕಳಿಸಿ. ಅವರ ಅಭಿಪ್ರಾಯವನ್ನು "ಇದನ್ನೂ ನೋಡಬಹುದಾ ಸರ್" ಎಂಬ ಪ್ರಶ್ನೆಯಾಗಿಯೇ ಇಲ್ಲಿನ ಡಾಕ್ಟರ ಮುಂದಿಡಬೇಕು.

ಹಣವನ್ನು ಬಿಲ್ಲು ನೋಡಿ ಔಷಧಿ ಅಂಗಡಿಗೇ ನೇರ ಕಟ್ಟಿ. ಸಂಸ್ಥೆಯೊಂದಕ್ಕೆ ಕೊಡುವುದಾದರೆ ಒಂದು ಕಾನೂನು ಗೊತ್ತಿರಲಿ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ತಮ್ಮ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರ ಹಣ, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯಲ್ಲಿ, ಅದನ್ನು ಪಡೆಯಬಹುದು. ಒಳ್ಳೆಯ ಮನಸ್ಸಿನಿಂದ ಊರಿನ ಸಣ್ಣ ಟ್ರಸ್ಟಿನ ಖಾತೆಗೆ ಹಾಕಿದರೆ ಆ ಟ್ರಸ್ಟ್ ತೊಂದರೆಗೆ ಸಿಲುಕುತ್ತದೆ.

ಡಿಸ್ಚಾರ್ಜ್

"ನಾಳೆ ಮನೆಗೆ" ಎಂದು ಬರೆದ ದಿನ ಜಾಗ ಹುಡುಕಲು ಹೊರಟರೆ ರೋಗಿ ಬೀದಿಗೆ ಬೀಳುತ್ತಾರೆ. ದಾಖಲಾದ ಮೊದಲ ವಾರವೇ ವಿಚಾರಿಸಿ: ಮಹಾನಗರ ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರ, ದಾವಣಗೆರೆ ಬಳಿಯ ತುರ್ಚಘಟ್ಟದ ನಿರಾಶ್ರಿತರ ಪರಿಹಾರ ಕೇಂದ್ರ, ವೃದ್ಧಾಶ್ರಮಗಳು. ಎದ್ದು ಓಡಾಡಲಾಗದವರನ್ನು, ನಳಿಕೆ ಇರುವವರನ್ನು ಸೇರಿಸಿಕೊಳ್ಳುತ್ತೀರಾ ಎಂದು ಮೊದಲೇ ಬಿಚ್ಚಿ ಕೇಳಿ. ಮಾನಸಿಕ ಕಾಯಿಲೆಯಿದ್ದು ಬೀದಿಯಲ್ಲಿ ಅಲೆಯುತ್ತಿದ್ದವರಾದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಪೊಲೀಸರ ಜವಾಬ್ದಾರಿಯೂ ಇದೆ, ಠಾಣೆಗೆ ಲಿಖಿತವಾಗಿ ತಿಳಿಸಿ.

ರೋಗಿಯ ಜೊತೆ ಒಂದು ಹಾಳೆ ಹೋಗಬೇಕು. ಔಷಧಿಗಳ ಹೆಸರು, ಹೊತ್ತು, ಎಷ್ಟು ದಿನ. ಹುಣ್ಣಿನ ಈಗಿನ ಅಳತೆ, ಡ್ರೆಸ್ಸಿಂಗ್ ಯಾರು ಮಾಡುತ್ತಾರೆ. ನಳಿಕೆ ಹಾಕಿದ ತಾರೀಖು, ಬದಲಿಸುವ ತಾರೀಖು. ಮುಂದಿನ ಓಪಿಡಿ ದಿನ, ಅವತ್ತು ಕರೆತರುವವರ ಫೋನ್ ನಂಬರ್. ಹಾಳೆಯ ಒಂದು ಪ್ರತಿ ನಿಮ್ಮ ನೋಟ್‌ಬುಕ್ಕಿನಲ್ಲೂ ಇರಲಿ. ಹೊಸ ಜಾಗಕ್ಕೆ ಹೋದ ಮೂರನೇ ದಿನ ಒಬ್ಬರು ಹೋಗಿ ಬೆನ್ನು ತಿರುಗಿಸಿ ನೋಡಿ ಬನ್ನಿ.